ಎರಡು ಅಲ್ಪವಿರಾಮಗಳ ನಡುವೆ

ಮಾರ್ಚ್ 8, ಶನಿವಾರ

ಚಿ. ಮಗಳೇ,

ಮೊದಲ ಸಾಲಿನಲ್ಲೇ ಕೈ ತಡೆಯಿತು. ನೀನು ತವರಿಗೆ ಹೋದಾಗಲೆಲ್ಲ ನಿನಗೆ ‘ಚಿ. ಸೌ.’ ಎಂದು ಬರೆದು ರೂಢಿಯಾದ ಕೈ ಇದು. ‘ಚಿ.’ ಬರೆದು, ಮುಂದಿನ ಅಕ್ಷರಕ್ಕೆ ಹೋಗುವಷ್ಟರಲ್ಲಿ ಅದನ್ನು ಬರೆಯುವ ಕಾಲ ಮುಗಿಯಿತೆಂದು ನೆನಪಾಗಿ ಪೆನ್ನು ಕೆಳಗಿಟ್ಟೆ. ಆಮೇಲೆ ಸೊಸೆ ಎನ್ನಲೋ ಮಗಳೇ ಎನ್ನಲೋ ಎಂದು ಒಂದು ಲೋಟ ಕಾಫಿ ತಣ್ಣಗಾಗುವಷ್ಟು ಹೊತ್ತು ಯೋಚಿಸಿದೆ. ಮಗಳೇ ಎಂದು ಬರೆದಿದ್ದೇನೆ. ಹಾಗೆ ಕರೆಯಲು ಇವರಿಗೆ ಯಾವ ಮುಖ ಉಳಿದಿದೆ ಎಂದು ನಿನಗನ್ನಿಸಿದರೆ ಆ ಪದವನ್ನು ಹೊಡೆದುಹಾಕಿ ಮುಂದಕ್ಕೆ ಓದು. ಒಂದು ಪದವನ್ನು ಹೊಡೆದುಹಾಕಿದ ಸಂಗತಿಯನ್ನೇ ನಿನಗೆ ಹೇಳಬೇಕಾಗಿದೆ.

ಏಳು ತಿಂಗಳಾದವು. ನವೆಂಬರಿನಲ್ಲಿ ನೀನು ನಾಲ್ಕು ಸಾಲು ಬರೆದಿದ್ದೆ: ಪಟಾಕಿಯ ಶಾಲೆಯ ಬೂಟು ಕಳಿಸಿ, ಮಂಚದ ಕೆಳಗಿವೆ ಎಂದು. ಕಳಿಸಿದೆ. ಜೊತೆಗೊಂದು ಚೀಟಿಯನ್ನೂ ಇಡಲಿಲ್ಲ. ಕೆಲಸ ಹೆಚ್ಚಾಗಿತ್ತು, ಕಣ್ಣಿಗೆ ಪೊರೆ ಬಂದಿದೆ ಎಂದೆಲ್ಲ ಈಗ ಬರೆಯಬಹುದು, ಎರಡೂ ನಿಜವೇ, ಆದರೆ ಕಾರಣ ಅದಲ್ಲ. ಬರೆಯಲು ಕೂತರೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯಲ್ಲಿ ಬರೆದ ಕಾಗದ ಯಾರ ಕೈಗೆ ಸಿಗುತ್ತದೋ ಅವರನ್ನೇ ಸುಡುತ್ತದೆ ಎಂದು ಸುಮ್ಮನಿದ್ದೆ. ಉರಿ ಇವತ್ತೂ ಆರಿಲ್ಲ. ಆದರೆ ಇನ್ನು ತಡಮಾಡುವಂತಿಲ್ಲ. ಹತ್ತೊಂಬತ್ತನೇ ತಾರೀಕು ಬುಧವಾರದೊಳಗೆ ಈ ಕಾಗದ ನಿನ್ನ ಕೈ ಸೇರಲೇಬೇಕು.

ನನ್ನ ಮೊಮ್ಮಗಳು ಪಟಾಕಿ ಹೇಗಿದ್ದಾಳೆ? ಮುಂದಿನ ಹಲ್ಲು ಬಿತ್ತೇ? ಹೇಳಿದ್ದಕ್ಕೆಲ್ಲ ‘ಯಾಕೆ’ ಎನ್ನುವ ಚಟ ಅಲ್ಲೂ ಇದೆಯೇ, ನಿಮ್ಮಪ್ಪನ ಮನೆಯಲ್ಲಿ ಅದಕ್ಕೆ ಉತ್ತರ ಹೇಳುವ ತಾಳ್ಮೆ ಯಾರಿಗಿದೆ? ಅವಳು ಹತ್ತಿ ನಿಂತು ಹಲ್ಲುಜ್ಜುತ್ತಿದ್ದ ಪುಟ್ಟ ಸ್ಟೂಲು ಇನ್ನೂ ಬಚ್ಚಲಿನ ಬಾಗಿಲಲ್ಲೇ ಇದೆ. ದಿನಾ ಬೆಳಿಗ್ಗೆ ಎಡವುತ್ತೇನೆ, ದಿನಾ ಬೈಯುತ್ತೇನೆ, ಎತ್ತಿಡುವುದಿಲ್ಲ. ಅಡುಗೆಮನೆಯ ಕಿಟಕಿಯ ಸೀಳಿದ ಗಾಜೂ ಹಾಗೇ ಇದೆ. ಊರಿಗೆಲ್ಲ ಗಾಜು ಕೂರಿಸಿದ ನಿನ್ನ ಗಂಡ ಮನೆಯ ಗಾಜಿಗೆ ಮಾತ್ರ ಎರಡು ವರ್ಷದಿಂದ ‘ಈ ಭಾನುವಾರ’ ಎನ್ನುತ್ತಿದ್ದನಲ್ಲ, ನಾನು ಅದರ ಮೇಲೆ ಹೊಸದಾಗಿ ಟೇಪು ಅಂಟಿಸಿದ್ದೇನೆ. ಬೇರೆಯವರನ್ನು ಕರೆಸಿ ಹಾಕಿಸಲು ಮನಸ್ಸಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಡಬೇಡ. ಮೂವತ್ತೊಂದು ವರ್ಷ ಸರ್ಕಾರಿ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವಳು. ಮೊದಲ ಸಾಲಿನಿಂದ ಹಿಡಿಯದಿದ್ದರೆ ನನ್ನ ತಲೆ ಓಡುವುದಿಲ್ಲ.

ಆಗಸ್ಟಿನಲ್ಲಿ ಬಟ್ಟೆ ಅಂಗಡಿಯೊಂದರ ಮುಂಭಾಗದ ಗಾಜು ಎತ್ತುವಾಗ ಅವನ ಬೆನ್ನು ಹಿಡಿಯಿತು. ಹತ್ತು ದಿನ ನೆಲದ ಮೇಲೆ ಚಾಪೆ ಹಾಸಿ ಮಲಗಿದ. ಹನ್ನೊಂದನೆಯ ದಿನ ಸಂಜೆ ನಾಲ್ಕಕ್ಕೆ ನೀನು ಕ್ಲಿನಿಕ್ಕಿನಿಂದ ಬಂದು ಬಾಗಿಲು ತೆಗೆದಾಗ ಅವನ ತುಟಿ ನೀಲಿಯಾಗಿತ್ತು. ಅಂಗಿಯ ಜೇಬಿನಲ್ಲಿ ಒಂದು ಮಾತ್ರೆಯ ಪಟ್ಟಿ. ಹತ್ತರಲ್ಲಿ ಒಂದು ಮಾತ್ರ ಖಾಲಿ. ಎಲ್ಲರ ಮನೆಯ ಡಬ್ಬಿಯಲ್ಲೂ ಇರುವ ನೋವಿನ ಮಾತ್ರೆಯ ಹೆಸರು, ಅದೇ ನೀಲಿ ಬಣ್ಣ, ನಡುವೆ ಅದೇ ಗೀರು. ಪ್ರಯೋಗಾಲಯದವರು ಅರೆದು ನೋಡಿದರೆ ಅದರಲ್ಲಿ ಆ ಹೆಸರಿನ ಔಷಧಿ ಒಂದು ಚೂರೂ ಇಲ್ಲ. ಇದ್ದದ್ದು ಸುಣ್ಣದಂಥ ಪುಡಿ, ಮತ್ತೆ ಅಫೀಮಿನ ಜಾತಿಯದೇ ಆದರೆ ಗಿಡದಲ್ಲಿ ಬೆಳೆಯದ, ಯಾರೋ ಎಲ್ಲೋ ಪಾತ್ರೆಯಲ್ಲಿ ಬೇಯಿಸಿದ ವಿಷ. ನಾಲ್ಕೈದು ಹರಳು ಉಪ್ಪಿನಷ್ಟು. ಸಾರಿಗೆ ಸಾಲದಷ್ಟು ಉಪ್ಪು, ಆರಡಿ ಆಳಿಗೆ ಸಾಕಾಯಿತು.

ಎಲ್ಲಿಂದ ಬಂತು ಎಂದು ಪೊಲೀಸರು ನಮ್ಮೆಲ್ಲರನ್ನೂ ಕೇಳಿದರು. ಉತ್ತರ ಸಿಗಲಿಲ್ಲ. ಮೂರು ವಾರದ ಮೇಲೆ ನಮ್ಮ ಬೀದಿಯ ಆಚೆ ಇನ್ನಿಬ್ಬರು ಹೋದಾಗ, ಬಸ್ ಸ್ಟಾಪಿನ ಪಕ್ಕದ ಸೋಪು-ಬಾಚಣಿಗೆ ಅಂಗಡಿಯವನ ಗಲ್ಲಾಪೆಟ್ಟಿಗೆಯ ಕೆಳಗೆ ಅದೇ ನೀಲಿ ಪಟ್ಟಿಗಳು ಸಿಕ್ಕವು. ಹಿಡಿದುಕೊಂಡು ಹೋದರು. ಅವನು ಠಾಣೆಯಲ್ಲಿ ಹೇಳಿದ್ದು ಒಂದೇ ಮಾತಂತೆ: “ನನಗೇನ್ ಗೊತ್ತು ಸಾರ್? ಬಂದಿದ್ದನ್ನ ಮಾರಿದೆ. ನಾನೇನು ಒಡೆದು ನೋಡಿದ್ನಾ?” ಹದಿನೈದು ದಿನಕ್ಕೆ ಹೊರಗೆ ಬಂದ. ಈಗ ಅಂಗಡಿಗೆ ಹೊಸ ಬಣ್ಣ ಬಳಿಸಿದ್ದಾನೆ. ಬಸ್ಸಿಗೆ ನಿಂತವರಿಗೆಲ್ಲ ನಗುನಗುತ್ತಾ ಕೈ ಬೀಸುತ್ತಾನೆ. ಒಂದು ದಿನ ನನಗೂ ಬೀಸಿದ. ಅವತ್ತಿನಿಂದ ನಾನು ಹಿಂದಿನ ಸ್ಟಾಪಿಗೆ ನಡೆದು ಹೋಗಿ ಬಸ್ಸು ಹತ್ತುತ್ತೇನೆ.

ಆದರೆ ಅವನು ಸಿಕ್ಕುವ ಮೊದಲೇ ನಮ್ಮ ಮನೆಯಲ್ಲಿ ತೀರ್ಪು ಆಗಿಹೋಗಿತ್ತು. ಮಣ್ಣು ಮಾಡಿ ಬಂದ ಸಂಜೆ ನಿನ್ನ ಮೈದುನ ಹಜಾರದ ನಡುವೆ ನಿಂತು, ಬಂದವರೆಲ್ಲರ ಎದುರಿಗೆ ಬೆರಳು ತೋರಿಸಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. “ಹಲ್ಲಿನ ಡಾಕ್ಟ್ರ ಹತ್ರ ಕೆಲ್ಸ ಮಾಡೋರು ಈ ಮನೇಲಿ ಯಾರು? ಮಾತ್ರೆ ಗೀತ್ರೆ ಅಂತ ತರೋರು ಯಾರು? ಇವಳೇ!” ಆ ‘ಏ’ಕಾರ ನೋಡು. ‘ಇವಳು’ ಎಂದಿದ್ದರೆ ಅನುಮಾನ. ‘ಇವಳೇ’ ಎಂದರೆ ಶಿಕ್ಷೆ. ಒಂದೇ ಒಂದು ಸ್ವರ ಸೇರಿಸಿ ಅವನು ನಿನ್ನನ್ನು ಮನೆಯಿಂದ ಹೊರಗೆ ಹಾಕಿದ. ನೀನು ನನ್ನ ಕಡೆ ನೋಡಿದೆ. ನಾನು ಎದುರಿಗಿದ್ದ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ವಾರದೊಳಗೆ ನೀನು ಮಗುವನ್ನು ಕರೆದುಕೊಂಡು ಹೊರಟೆ.

ಜನವರಿಯಲ್ಲಿ ಮಸೂದೆ ನಮ್ಮ ಮುದ್ರಣಾಲಯಕ್ಕೆ ಬಂತು. ‘ಕೃತಕ ಅಫೀಮು ವಸ್ತುಗಳ ವಂಚನೆಯ ಮಾರಾಟ ತಡೆ ಮಸೂದೆ’. ಹೆಸರು ಓದುವಷ್ಟರಲ್ಲಿ ಉಸಿರು ಕಟ್ಟುತ್ತದೆ ಎಂದು ತಮಾಷೆ ಮಾಡಿ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಎದುರಿಗೆ ಅರ್ಕಾವೊತ್ತು ಕೂತಿದ್ದರು. ಅವರಿಗೆ ನಾನಿಟ್ಟ ಈ ಹೆಸರಿನ ಬಗ್ಗೆ ಹೇಳಿದ್ದೆನಲ್ಲ? ಬರೆಯುವಾಗ ಅರ್ಕಾವೊತ್ತು ಅಕ್ಷರದ ಹಿಂದೆ, ಉಚ್ಚರಿಸುವಾಗ ಮುಂದೆ. ಈ ಮನುಷ್ಯರೂ ಹಾಗೆಯೇ: ಕೆಲಸ ಎಂದರೆ ಎಲ್ಲರ ಹಿಂದೆ, ಮಾತು ಎಂದರೆ ಎಲ್ಲರ ಮುಂದೆ. ಇಪ್ಪತ್ತು ವರ್ಷದಿಂದ ಅವರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ನಾನು ಪ್ರೂಫಿನ ಮೇಲೆ ಕಣ್ಣಿಟ್ಟು ತಿದ್ದುವುದು. ಚಿಹ್ನೆಗಳನ್ನೂ ಬಿಡದೆ ಬಾಯಿಬಿಟ್ಟು ಹೇಳಬೇಕು, ಅದು ನಮ್ಮ ಕ್ರಮ.

ನಾಲ್ಕನೇ ಕಲಮು ಬಂತು. ಅವರು ಓದಿದರು: “ಯಾರೇ ವ್ಯಕ್ತಿಯು ಒಂದು ಔಷಧವೆಂದು ನಂಬಿಸಿ ಸದರಿ ವಸ್ತುವನ್ನು ಮಾರಿದರೆ ಅಲ್ಪವಿರಾಮ ಹಂಚಿದರೆ ಅಥವಾ ಬೇರೆ ಯಾವುದೇ ರೀತಿಯಲ್ಲಿ ಇತರರಿಗೆ ಕೊಟ್ಟರೆ ಅಲ್ಪವಿರಾಮ ಅಂಥವರು ಶಿಕ್ಷೆಗೆ ಗುರಿಯಾಗತಕ್ಕದ್ದು ಪೂರ್ಣವಿರಾಮ.” ಓದಿ ಮುಗಿಸಿ ತಲೆ ಎತ್ತಿದರು. ನಾನು ಅಳುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಎಷ್ಟು ಕಾಯಿದೆ ತಿದ್ದಿದ್ದೇನೆ, ನಾಯಿ ಲೈಸೆನ್ಸಿನಿಂದ ಹಿಡಿದು ಹಡಗಿನ ಸುಂಕದವರೆಗೆ. ಒಂದೂ ನನ್ನ ಮನೆಯ ಬಾಗಿಲು ತಟ್ಟಿರಲಿಲ್ಲ. ಈ ಕಲಮಿನ ಎದುರು ಆ ಅಂಗಡಿಯವನ ‘ನನಗೇನ್ ಗೊತ್ತು’ ನಿಲ್ಲುವಂತಿರಲಿಲ್ಲ. ಮಾರಿದೆಯಾ? ಮಾರಿದೆ. ಹಾಗಾದರೆ ಒಳಗೆ ನಡೆ. ಅಷ್ಟು ಸರಳ.

ಅಷ್ಟು ಸರಳವಾಗಿದ್ದರೆ ಅದನ್ನು ಬಿಡುತ್ತಾರೆಯೇ? ಫೆಬ್ರವರಿಯಲ್ಲಿ ಸಮಿತಿ ಕೂತಿತು. ಸಾರ್ವಜನಿಕರೂ ಹೋಗಿ ಕೇಳಬಹುದಿತ್ತು. ರಜೆ ಹಾಕಿ ಹೋದೆ. ಎತ್ತರದ ಛಾವಣಿಯ ಕೋಣೆ, ಉದ್ದನೆಯ ಮೇಜು, ಎಲ್ಲರ ಮುಂದೆ ಮುಚ್ಚಳವಿರುವ ನೀರಿನ ಲೋಟ. ವರ್ತಕರ ಸಂಘದ ಪರವಾಗಿ ಒಬ್ಬ ವಕೀಲ ಎದ್ದ. ಮಾತು ಬೆಣ್ಣೆಯ ಹಾಗೆ. “ಈ ಕಲಮಿಗೆ ‘ಗೊತ್ತಿದ್ದೂ’ ಅನ್ನೋ ಒಂದೇ ಒಂದು ಪದ ಸೇರಿಸಿ, ಸ್ವಾಮಿ. ‘ಯಾರೇ ವ್ಯಕ್ತಿಯು, ಗೊತ್ತಿದ್ದೂ, ಮಾರಿದರೆ’. ಅಷ್ಟೇ ಕೇಳ್ತಿರೋದು. ಇಲ್ಲಾಂದ್ರೆ ಏನೂ ಅರಿಯದ ಚಿಕ್ಕ ಅಂಗಡಿಯವರು ಜೈಲಿಗೆ ಹೋಗ್ತಾರೆ” ಎಂದ. ಕೆಲವರು ತಲೆಯಾಡಿಸಿದರು. ಅವನಿಗೆ ಹುರುಪು ಬಂತು. “ಅಷ್ಟೇ ಯಾಕೆ? ಮನೇಲಿ ಒಬ್ಬ ತಾಯಿ ಮಗನಿಗೆ ತಲೆನೋವು ಅಂತ ಒಂದು ಮಾತ್ರೆ ಕೊಡ್ತಾಳೆ. ಅದು ನಕಲಿ ಅಂತ ಅವಳಿಗೇನು ಗೊತ್ತು? ಆ ತಾಯಿಗೂ ಕೋಳ ಹಾಕ್ತೀರಾ?”

ನನಗೆ ಏನಾಯಿತೋ, ಎದ್ದು ನಿಂತಿದ್ದೆ. “ತಾಯಿ ಹೆಸರು ಎತ್ತಬೇಡ!” ಎಂದು ಕೂಗಿದೆ. “ನಿನ್ನ ಅಂಗಡಿಯವರನ್ನ ಕಾಪಾಡೋಕೆ ತಾಯಂದಿರ ಸೆರಗು ಯಾಕೆ ಹಿಡೀತೀಯ? ಗೊತ್ತಿರಲಿಲ್ಲ ಅಂದ್ರೆ ಸತ್ತವನು ಎದ್ದು ಬರ್ತಾನಾ? ಗೊತ್ತು ಮಾಡ್ಕೊಳ್ಳೋದು ಯಾರ ಕೆಲಸ? ನುಂಗಿದವನದ್ದಾ?” ಕಾವಲಿನವರು ಬಂದು ತೋಳು ಹಿಡಿದರು. ಕೋಣೆಯ ಮೂಲೆಯಲ್ಲಿ ಯಾರೋ ನಕ್ಕರು. ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಮೆಟ್ಟಿಲಿನ ಮೇಲೆ ಕೂತು ಚಪ್ಪಲಿಯ ಕಿತ್ತ ಉಂಗುಷ್ಟ ನೋಡುತ್ತಾ ಬಹಳ ಹೊತ್ತು ಇದ್ದೆ. ನೀನು ಜೊತೆಗಿದ್ದಿದ್ದರೆ ಎಂದು ಅವತ್ತು ನಿಜವಾಗಿ ಅನ್ನಿಸಿತು.

ಮಂಗಳವಾರ, 11

ಶನಿವಾರ ಅಲ್ಲಿಗೇ ನಿಲ್ಲಿಸಿದ್ದೆ. ನಡುವಿನ ಎರಡು ದಿನ ಅಕ್ಕಿ ಆರಿಸಿದೆ, ಪರದೆ ಒಗೆದೆ, ಮಾಡಬೇಕಾದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದೆ.

ಫೆಬ್ರವರಿ ಕೊನೆಯ ವಾರ ತಿದ್ದಿದ ಮಸೂದೆ ನಮ್ಮಲ್ಲಿಗೆ ಮರಳಿ ಬಂತು. ಮಾರನೆಯ ದಿನ ಮಧ್ಯಾಹ್ನ ಸಭೆಯಲ್ಲಿ ಮಂಡಿಸಬೇಕು, ಅವಸರ. ಅರ್ಕಾವೊತ್ತು ಓದತೊಡಗಿದರು. ನಾಲ್ಕನೇ ಕಲಮು. “ಯಾರೇ ವ್ಯಕ್ತಿಯು ಅಲ್ಪವಿರಾಮ ಗೊತ್ತಿದ್ದೂ ಅಲ್ಪವಿರಾಮ...” ನಾನು ಕೇಳಿದೆ, “ಏನಂದ್ರಿ?” ಅವರು ದನಿ ಇಳಿಸಿ ಮತ್ತೆ ಓದಿದರು. ಎರಡು ಅಲ್ಪವಿರಾಮಗಳನ್ನು ಆಚೆ ಈಚೆ ಕಾವಲಿಗೆ ನಿಲ್ಲಿಸಿಕೊಂಡು ಆ ಪದ ಕಲಮಿನ ನಡುವೆ ದಿವಾನನ ಹಾಗೆ ಕೂತಿತ್ತು.

ಮಗಳೇ, ಯಾರ ತಲೆಯೊಳಗೆ ಏನಿತ್ತು ಎಂದು ಯಾವ ಕೋರ್ಟು ಅರೆದು ನೋಡುತ್ತದೆ? ಮಾತ್ರೆಯನ್ನಾದರೂ ಅರೆಯಬಹುದು. ಆ ಒಂದು ಪದ ಇದ್ದರೆ, ಮಾರುವವನು ಮಾಡಬೇಕಾದದ್ದು ಒಂದೇ: ಏನನ್ನೂ ತಿಳಿದುಕೊಳ್ಳದೆ ಇರುವುದು. ಕೇಳಬೇಡ, ನೋಡಬೇಡ, ಬಿಲ್ಲು ಬೇಡ, ಪೆಟ್ಟಿಗೆಯ ಮೇಲೆ ಏನು ಬರೆದಿದೆ ಎಂದು ಓದಬೇಡ. ಎಷ್ಟು ಕಡಿಮೆ ಗೊತ್ತೋ ಅಷ್ಟು ಕ್ಷೇಮ. ನನ್ನ ಮಗನನ್ನು ಕೊಂದ ಕಣ್ಮುಚ್ಚಾಲೆಗೆ ಇವರು ಕಾಯಿದೆಯ ಮುದ್ರೆ ಒತ್ತಲು ಹೊರಟಿದ್ದರು, ಮತ್ತೆ ಅದರ ಕಾಗುಣಿತ ಸರಿಯಿದೆಯೇ ಎಂದು ನೋಡಲು ನನ್ನನ್ನೇ ಕೂರಿಸಿದ್ದರು! ದೀರ್ಘ ಸರಿಯಿದೆಯೇ, ಒತ್ತು ಸರಿಯಿದೆಯೇ! ಸರಿಯಿತ್ತು. ಎಲ್ಲ ಸರಿಯಿತ್ತು.

ನಾನು ಕೆಂಪು ಪೆನ್ನು ತೆಗೆದುಕೊಂಡು ಮೊದಲ ಅಲ್ಪವಿರಾಮದಿಂದ ಎರಡನೆಯ ಅಲ್ಪವಿರಾಮದವರೆಗೆ ಒಂದು ಗೆರೆ ಎಳೆದೆ. ಅಂಚಿನಲ್ಲಿ ತೆಗೆದುಹಾಕುವ ಗುರುತು ಹಾಕಿದೆ, ಬಾಲ ಸುತ್ತಿಕೊಂಡ ಆ ಪುಟ್ಟ ಗುರುತು. ಮೂವತ್ತೊಂದು ವರ್ಷದಲ್ಲಿ ಮೂಲದಲ್ಲಿದ್ದ ಒಂದು ಚುಕ್ಕಿಯನ್ನೂ ನಾನು ನನ್ನಿಷ್ಟಕ್ಕೆ ತೆಗೆದವಳಲ್ಲ.

ಅರ್ಕಾವೊತ್ತು ಓದುವುದನ್ನು ನಿಲ್ಲಿಸಿದರು. ಪೆನ್ನಿನ ಸದ್ದಿನ ಮೇಲೆಯೇ ನಾನು ಏನು ತಿದ್ದಿದೆ ಎಂದು ಹೇಳಬಲ್ಲ ಮನುಷ್ಯ. “ಅಮ್ಮಾ, ಗೆರೆ ಉದ್ದ ಆಯ್ತು” ಎಂದರು.

“ಆಗಲಿ” ಎಂದೆ.

“ನನಗೆ ಇನ್ನೊಂದು ವರ್ಷ ಸರ್ವೀಸಿದೆ.”

“ನೀವು ಓದಿದ್ದು ಸರಿಯಾಗೇ ಓದಿದ್ದೀರಿ. ತಿದ್ದಿದ್ದು ನಾನು.”

ಮಾತಿನ ಮಲ್ಲ ಮೂಲಪ್ರತಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕನ್ನಡಕ ಒರೆಸಿಕೊಂಡು ಐದನೇ ಕಲಮು ಓದಿದರು.

ಮುನ್ನೂರು ಪ್ರತಿ ಅಚ್ಚಾಗಿ, ಸದಸ್ಯರ ಮೇಜಿನ ಮೇಲೆ ಹೋಗಿ ಕೂತವು. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗೆ, ಮೂರು ಗಂಟೆ, ಕಾಗದದ ಮೇಲಾದರೂ ಮಸೂದೆ ಹೇಗಿರಬೇಕೋ ಹಾಗಿತ್ತು. ಎರಡಕ್ಕೆ ಯಾರೋ ಹಿಡಿದರು. ಎಲ್ಲ ಪ್ರತಿಯನ್ನೂ ವಾಪಸು ತರಿಸಿದರು. ಒಂದು ತಪ್ಪು-ಒಪ್ಪು ಚೀಟಿ ಅಚ್ಚು ಹಾಕಬೇಕಾಯಿತು: ‘ನಾಲ್ಕನೇ ಕಲಮಿನಲ್ಲಿ “ಗೊತ್ತಿದ್ದೂ” ಎಂಬ ಪದವು ಕಣ್ತಪ್ಪಿನಿಂದ ಬಿಟ್ಟುಹೋಗಿರುತ್ತದೆ’. ಆ ಚೀಟಿಯ ಪ್ರೂಫೂ ನನ್ನ ಮೇಜಿಗೇ ಬಂತು, ನಮ್ಮ ಕಚೇರಿಯ ಬುದ್ಧಿ ಹಾಗೆ. ಅದನ್ನೂ ತಿದ್ದಿದೆ. ‘ಕಣ್ತಪ್ಪಿನಿಂದ’ ಎಂಬುದನ್ನು ಹೊಡೆದುಹಾಕಿದೆ.

ಮೇಲ್ವಿಚಾರಕರು ಒಳಗೆ ಕರೆದರು. ಕೆಟ್ಟ ಮನುಷ್ಯರಲ್ಲ. ಬಾಗಿಲು ಮುಂದೆ ಮಾಡಿ, ಆಗಲೇ ಟೈಪು ಮಾಡಿಸಿದ್ದ ಒಂದು ಹಾಳೆ ಮುಂದಿಟ್ಟರು. “ವಯಸ್ಸಾಯ್ತು, ಕಣ್ಣಿಗೆ ಪೊರೆ ಬಂದಿದೆ, ಗೊತ್ತಿಲ್ಲದೆ ಆಯ್ತು ಅಂತ ಇದರಲ್ಲಿದೆ. ಸೈನ್ ಹಾಕಿಬಿಡಿ. ನಾನು ಮೇಲಿನೋರಿಗೆ ಹೇಳಿ ಮುಗಿಸ್ತೀನಿ. ಎರಡು ವರ್ಷ ಉಳಿದಿದೆ ನಿಮಗೆ, ಯಾಕೆ ಬೇಕು ರಾದ್ಧಾಂತ?”

ನನಗೆ ನಗು ಬಂತು, ಮೈಯೂ ಉರಿಯಿತು. ಇವರ ಬಳಿ ಎಲ್ಲದಕ್ಕೂ ಒಂದೇ ಮದ್ದು! ಕೊಂದವನಿಗೂ ‘ಗೊತ್ತಿರಲಿಲ್ಲ’, ತಿದ್ದಿದವಳಿಗೂ ‘ಗೊತ್ತಿರಲಿಲ್ಲ’. ಈ ಒಂದು ಮಾತು ಹೇಳಿದರೆ ಸಾಕು, ಎಲ್ಲರೂ ಕೈತೊಳೆದುಕೊಂಡು ಊಟಕ್ಕೆ ಹೋಗಬಹುದು. ಹಾಳೆಯನ್ನು ತಿರುಗಿಸಿ ಹಿಂದುಗಡೆ ದಪ್ಪಕ್ಷರದಲ್ಲಿ ಬರೆದೆ: ‘ಗೊತ್ತಿದ್ದೂ ಮಾಡಿದ್ದೇನೆ.’ ಕೆಳಗೆ ಸಹಿ ಹಾಕಿದೆ. ಅವರು ಅದನ್ನು ಎರಡು ಸಲ ಓದಿ, “ನಿಮ್ಮನ್ನ ಏನ್ ಮಾಡ್ಲಿ ನಾನು” ಎಂದು ತಲೆಗೆ ಕೈ ಕೊಟ್ಟು ಕೂತರು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದು ಆದೇಶವಾಯಿತು. ಅರ್ಕಾವೊತ್ತು ನನ್ನ ಟಿಫಿನ್ ಡಬ್ಬಿ, ಸವೆದ ಕುಶನ್ನು, ಕೆಂಪು ಪೆನ್ನುಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸಿನವರೆಗೂ ಬಂದರು.

ಇದು ಪತ್ರಿಕೆಯ ಮೂಲೆಯೊಂದರಲ್ಲಿ ಬಂತು. ಓದಿ ಚಿಕ್ಕವನು ಓಡಿ ಬಂದ. “ಒಂದು ಪದಕ್ಕೋಸ್ಕರ ಕೆಲ್ಸ ಕಳ್ಕೊಂಡ್ಯಾ ಅಮ್ಮ? ನಿಂಗೆ ಬುದ್ಧಿ ಇದ್ಯಾ?” ಎಂದ. “ನೀನು ಒಂದು ಅಕ್ಷರಕ್ಕೆ ನಿನ್ನ ಅತ್ತಿಗೆಯನ್ನ ಮನೆ ಬಿಡಿಸಿದೆ. ನನಗಿಂತ ನಿನ್ನ ಕೈ ಚೂಪು” ಎಂದೆ. ಮುಖ ಊದಿಸಿಕೊಂಡು ಹೋದ.

ಅದೇ ಸುದ್ದಿ ಸಮಿತಿಯ ಅಧ್ಯಕ್ಷೆಯ ಕಣ್ಣಿಗೂ ಬಿದ್ದಿದೆ. ಹೋದ ವಾರ ಅವರೇ ಫೋನ್ ಮಾಡಿದ್ದರು. ಖಡಕ್ ಹೆಂಗಸು, ಸಮಾಧಾನದ ಮಾತಿಲ್ಲ. “ಅವತ್ತು ಕೂಗಾಡಿದ್ದು ನೀವೇ ಅಲ್ವಾ? ಕೂಗಿದ್ರೆ ಕಡತಕ್ಕೆ ಹೋಗಲ್ಲಮ್ಮ. ಹತ್ತೊಂಬತ್ತನೇ ತಾರೀಕು ಬಂದು ಕೂತ್ಕೊಂಡು ಹೇಳಿ. ಆ ಪದ ಇರಬೇಕೋ ಬೇಡವೋ ಅಂತ ಮತ್ತೆ ಚರ್ಚೆಗೆ ತರ್ತೀನಿ. ಆದ್ರೆ ಒಂದು ಕೇಳ್ತೀನಿ, ಎಲ್ಲರ ಎದುರಿಗೆ ಕೇಳ್ತೀನಿ: ಆ ಮಾತ್ರೆ ನಿಮ್ಮ ಮಗನ ಕೈಗೆ ಹೇಗೆ ಬಂತು? ಅದಕ್ಕೆ ಉತ್ತರ ಇಟ್ಕೊಂಡು ಬನ್ನಿ.” ಬರುತ್ತೇನೆ ಎಂದಿದ್ದೇನೆ.

ನೀನು ಬರಬೇಕೆಂದು ಕೇಳುತ್ತಿಲ್ಲ. ಕೇಳುವ ಮುಖ ನನಗಿಲ್ಲ. ಆ ದಿನ ಹಜಾರದಲ್ಲಿ ನೀನು ನನ್ನ ಕಡೆ ನೋಡಿದಾಗ ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ. ಅದಕ್ಕೆ ಕ್ಷಮೆ ಕೇಳುತ್ತೇನೆ. ನಿನ್ನ ಹೆಸರಿಗೆ ಅಂಟಿಸಿದ ಕೊಳೆ ಬುಧವಾರ ಎಲ್ಲರೆದುರು ತೊಳೆದುಹೋಗುತ್ತದೆ, ಅದು ನನ್ನ ಹೊಣೆ. ಮನೆಯ ಬೀಗದ ಇನ್ನೊಂದು ಕೀಲಿ ನಿನ್ನ ಹತ್ತಿರವೇ ಇದೆ. ಎಂದಾದರೂ ಬರಬೇಕು ಅನ್ನಿಸಿದರೆ ಬಾ. ಅನ್ನಿಸದಿದ್ದರೆ ಬರಬೇಡ, ಒತ್ತಾಯವಿಲ್ಲ.

ನಿನ್ನ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಅವರು ಮುಖ ತಿರುಗಿಸಿದರೂ ಹೇಳು. ಪಟಾಕಿಗೆ ಎರಡು ಕೆನ್ನೆಗೂ ಮುತ್ತು. ಅವಳ ‘ಯಾಕೆ’ಗಳಿಗೆ ಸುಳ್ಳು ಉತ್ತರ ಹೇಳುವವರು ಯಾರೂ ಅವಳಿಗೆ ಸಿಗದಿರಲಿ. ನಿನಗೆ ದೀರ್ಘ ಆಯುಸ್ಸಿರಲಿ, ಕೈತುಂಬ ಕೆಲಸವಿರಲಿ, ಯಾರೆದುರೂ ತಲೆ ತಗ್ಗಿಸುವ ದಿನ ಬಾರದಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು,
ನಿನ್ನ ಅತ್ತೆ

ತಾ. ಕ.: ಮರೆತದ್ದನ್ನು ಬರೆಯಲು ಈ ಜಾಗ. ನಾನು ಮರೆತಿರಲಿಲ್ಲ. ಐದು ಹಾಳೆ ಉದ್ದಕ್ಕೂ ಇದರ ಸುತ್ತಲೇ ತಿರುಗಿದೆ, ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ.

ಆ ಮಾತ್ರೆ ತಂದವಳು ನಾನು. ಹಿಂದಿನ ಸಂಜೆ ಬಸ್ಸಿಳಿದು ಸೋಪು ತರಲು ಆ ಅಂಗಡಿಗೆ ಹೋದೆ. ಬೆನ್ನುನೋವಿಗೆ ಏನಾದರೂ ಇದೆಯೇನಪ್ಪ ಎಂದೆ. ಗಲ್ಲಾಪೆಟ್ಟಿಗೆಯ ಕೆಳಗಿಂದ ತೆಗೆದುಕೊಟ್ಟ. “ನಮ್ಮಮ್ಮನಿಗೂ ಇದೇ ಕೊಡೋದು, ತಗೊಳ್ಳಿ” ಎಂದ. ಬೆಳಿಗ್ಗೆ ನೀನು ಮಗುವನ್ನು ಶಾಲೆಗೆ ಬಿಡಲು ಹೋದ ಮೇಲೆ, ನಾನು ಹೊರಡುವ ಮೊದಲು, ಅವನಿಗೆ ಕೊಟ್ಟೆ. ಪೊಲೀಸರು ಕೇಳಿದಾಗ ‘ಗೊತ್ತಿಲ್ಲ’ ಎಂದೆ. ಚಿಕ್ಕವನು ಬೆರಳು ತೋರಿಸಿದಾಗ ಲೋಟ ಎತ್ತಿಕೊಂಡು ಒಳಗೆ ಹೋದೆ. ಮಾತ್ರೆ ಕೊಟ್ಟದ್ದು ಗೊತ್ತಿಲ್ಲದೆ ಎಂದು ಯಾರಾದರೂ ಹೇಳಬಹುದು. ನಿನ್ನನ್ನು ಬಲಿ ಕೊಟ್ಟದ್ದು ಗೊತ್ತಿದ್ದೂ ಮಾಡಿದ ಕೆಲಸ.

ಆ ಪದ ಕಾಯಿದೆಯಲ್ಲಿ ಉಳಿದರೆ ಆ ಅಂಗಡಿಯವನಂಥವರ ಜೊತೆ ನನ್ನಂಥವರೂ ಬಚಾವು. ಅವನ ಜೊತೆ ಒಂದೇ ಕೊಡೆಯ ಕೆಳಗೆ ನಿಲ್ಲಲಾರೆ. ಬುಧವಾರ ಇದನ್ನೇ ಹೇಳುತ್ತೇನೆ, ಆಮೇಲೆ ಏನು ಬೇಕಾದರೂ ಮಾಡಿಕೊಳ್ಳಲಿ. ಚಿಕ್ಕವನಿಗೆ ನಿನ್ನೆ ಹೇಳಿದೆ. ಗೋಡೆಗೆ ಒರಗಿ ಕೂತುಬಿಟ್ಟ.

ಇನ್ನೊಂದಿದೆ. ಇದನ್ನು ಬೇರೆ ಯಾರಿಗಿಂತ ಮೊದಲು ನೀನು ತಿಳಿಯಬೇಕು. ಪಟ್ಟಿಯ ಹಿಂದೆ ಮಾತ್ರೆಯ ಹೆಸರಿನಲ್ಲಿ ಎರಡು ಅಕ್ಷರ ಅದಲುಬದಲಾಗಿದ್ದವು. ಇನ್ಯಾರ ಕಣ್ಣಿಗೂ ಬೀಳುವಂಥದ್ದಲ್ಲ, ನನಗೆ ಕಂಡಿತ್ತು. ಅಚ್ಚಿನವರ ತಪ್ಪು ಎಂದುಕೊಂಡೆ. ಅವನಿಗೂ ತೋರಿಸಿದೆ. “ನೋಡೋ, ಇವರ ಪ್ರೂಫ್ ನೋಡೋಳು ನನಗಿಂತ ಕುರುಡಿ ಇರಬೇಕು” ಎಂದೆ. ಅವನು ಜೋರಾಗಿ ನಕ್ಕು, ಬೆನ್ನು ಹಿಡಿದುಕೊಂಡು, “ನಗಿಸಬೇಡ ಅಮ್ಮ, ನೋಯುತ್ತೆ” ಎಂದ. ನಗುತ್ತಲೇ ನನ್ನ ಕೈಯಿಂದ ನೀರಿನ ಲೋಟ ತೆಗೆದುಕೊಂಡ.